ಕೆರೆಯ ಹಣೆಬರಹ ನಕ್ಷೆಯಲ್ಲಿದೆ

ನಗರ ಯೋಜನೆಯ ಸಲಹೆ ಕೇಳಿ ನನ್ನಲ್ಲಿಗೆ ಬರುವ ಬೆಂಗಳೂರಿನ ನಿವಾಸಿಗಳ ಸಂಘಗಳ ಬೇಡಿಕೆ ಬಹುತೇಕ ಒಂದೇ: ಕೆರೆಯ ಸುತ್ತ ನಡಿಗೆ ಪಥ, ತಂತಿ ಬೇಲಿ, ಕಲ್ಲುಬೆಂಚು, ಸಾಧ್ಯವಾದರೆ ಒಂದು ಕಾರಂಜಿ. ಭಾನುವಾರದ ನಿದ್ದೆ ಬಿಟ್ಟು ಕೆರೆಯಂಗಳದಲ್ಲಿ ಪ್ಲಾಸ್ಟಿಕ್ ಆಯುವ ಈ ಜನರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಕೆರೆಯ ಅಳಿವು ಉಳಿವು ದಂಡೆಯ ಮೇಲೆ ತೀರ್ಮಾನವಾಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಅದು ಅವರಿಗೆ ನಾಟುವುದಿಲ್ಲ.

ಇಲ್ಲಿನ ಕೆರೆಗಳು ಒಂದರ ಕೋಡಿ ಹರಿದು ಇನ್ನೊಂದನ್ನು ತುಂಬುವಂತೆ ಕಟ್ಟಿದವು. ಕೆರೆಯ ಮೇಲ್ಭಾಗದ ಹೊಲ ನಗರ ಯೋಜನೆಯ ನಕ್ಷೆಯಲ್ಲಿ ಕೃಷಿ ವಲಯದಿಂದ ವಸತಿ ವಲಯಕ್ಕೆ ಸೇರಿದರೆ, ಅಲ್ಲಿ ಇಂಗುತ್ತಿದ್ದ ಮಳೆನೀರು ಮುಂದೆ ಕಾಂಕ್ರೀಟಿನ ಮೇಲೆ ಒಮ್ಮೆಲೇ ನುಗ್ಗಿಬರುತ್ತದೆ, ಒಳಚರಂಡಿ ಇಲ್ಲದ ಕಡೆ ಮನೆಗಳ ಕೊಳಚೆಯೂ ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರೆಲ್ಲ ಇಳಿಯುವ ಬೆಳ್ಳಂದೂರು ಕೆರೆ ನೊರೆ ಕಾರಿದ್ದೂ, 2017ರಲ್ಲಿ ಹೊತ್ತಿ ಉರಿದದ್ದೂ ದಂಡೆಯಲ್ಲಿ ಬೆಂಚಿಲ್ಲದ್ದರಿಂದಲ್ಲ.

ಯಾವ ಜಮೀನು ಯಾವ ಉಪಯೋಗಕ್ಕೆ ಎಂದು ಗೊತ್ತುಮಾಡುವ, 2007ರಲ್ಲಿ ಅನುಮೋದನೆ ಪಡೆದ ಬೆಂಗಳೂರಿನ ‘ಮಹಾಯೋಜನೆ 2015’ ಕೆರೆಗಳಿಗೆ 30 ಮೀಟರ್ ಹಾಗೂ ರಾಜಕಾಲುವೆಗಳಿಗೆ ದರ್ಜೆಗೆ ಅನುಗುಣವಾಗಿ 50, 25, 15 ಮೀಟರ್ ಬಫರ್, ಅಂದರೆ ಕಟ್ಟಡ ಕಟ್ಟಬಾರದ ಅಂಚು, ನಿಗದಿಪಡಿಸಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗಳ ಬಫರನ್ನು 75 ಮೀಟರಿಗೆ ಏರಿಸಿದಾಗ ಎಲ್ಲರೂ ಸಂಭ್ರಮಿಸಿದರು; ಶಾಸನಬದ್ಧ ಮಹಾಯೋಜನೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಆ ಭಾಗವನ್ನು ರದ್ದುಪಡಿಸಿತು. ಮಹಾಯೋಜನೆಯ ತೂಕ ಅಂಥದ್ದು. ಅದರ ಮುಂದಿನ ಆವೃತ್ತಿಯಾಗಬೇಕಿದ್ದ 2031ರ ಕರಡನ್ನು ಸರ್ಕಾರ ಹಿಂಪಡೆದಾಗ ಮಾತ್ರ ನಾನು ಬಲ್ಲ ಯಾವ ಸಂಘವೂ ಸಭೆ ಸೇರಲಿಲ್ಲ.

ಇಂಥ ಯೋಜನೆಯಲ್ಲೂ ಒಂದು ಬಾಗಿಲಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಮಿನಡಿ, ಸಾರ್ವಜನಿಕ ಹಿತಾಸಕ್ತಿಯ ನೆಲೆಯಲ್ಲಿ, ಪತ್ರಿಕಾ ಪ್ರಕಟಣೆಯ ಮೂಲಕ ಆಕ್ಷೇಪಣೆ ಆಹ್ವಾನಿಸಿ, ಜಮೀನಿನ ಉಪಯೋಗವನ್ನು ಬದಲಿಸಬಹುದು. ಅಂಥ ಪ್ರತಿ ಬದಲಾವಣೆಯೂ ತಪ್ಪೆಂದು ನಾನು ಹೇಳುತ್ತಿಲ್ಲ, ಬೆಳೆಯುವ ಊರಿಗೆ ಮನೆಗಳು ಬೇಕೇ ಬೇಕು. ನನ್ನ ತಕರಾರು ಇರುವುದು ನಮ್ಮ ಮೌನದ ಬಗ್ಗೆ. ಒಂದು ಬಡಾವಣೆಯವರು ನಡಿಗೆ ಪಥದ ಉದ್ಘಾಟನೆಗೆ ಶಾಸಕರ ದಿನಾಂಕ ಹೊಂದಿಸುತ್ತಿದ್ದ ವಾರದಲ್ಲೇ, ಅದೇ ಕೆರೆಯ ಮೇಲ್ಭಾಗದ ಜಮೀನಿನ ಉಪಯೋಗ ಬದಲಿಸುವ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬಂದಿತ್ತು. ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಆ ಸಂಘದ ಕಾರ್ಯದರ್ಶಿ ಪತ್ರಿಕೆಯ ಆ ತುಣುಕನ್ನು ನನ್ನ ಮೇಜಿನ ಮೇಲಿಟ್ಟು, “ಸರ್, ಈಗ ಏನಾದ್ರೂ ಮಾಡೋಕ್ಕಾಗುತ್ತಾ?” ಎಂದರು. ತಡವಾದ ಅರ್ಜಿಯನ್ನು ಯೋಜನಾ ಪ್ರಾಧಿಕಾರ ಪರಿಗಣಿಸಲೇಬೇಕೆಂದಿಲ್ಲ ಎಂದಷ್ಟೇ ನಾನು ಹೇಳಬಹುದಾಗಿತ್ತು. ಪಥಕ್ಕೆ ಅನುದಾನ ಕೊಟ್ಟವರ ಹೆಸರು ಫಲಕದಲ್ಲಿ ಉಳಿಯುತ್ತದೆ, ಭೂ ಉಪಯೋಗ ಬದಲಿಸಿದ ಕಡತದಲ್ಲಿ ಸಹಿ ಮಾಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ.

ಆದ್ದರಿಂದ ಸಂಘದಲ್ಲಿ ಒಬ್ಬರಾದರೂ ಈ ಪ್ರಕಟಣೆಗಳನ್ನು ನಿತ್ಯ ಓದಲಿ. ಆಕ್ಷೇಪಣೆಯಲ್ಲಿ ಪರಿಸರದ ಬಗ್ಗೆ ಎರಡು ಪುಟ ಬೇಡ. ಗ್ರಾಮದ ಹೆಸರು, ಸರ್ವೆ ನಂಬರ್, ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಆ ಜಮೀನಿನ ಮೂಲಕ ಹಾಯುವ ಕಾಲುವೆ, ಅದು ಸೇರುವ ಕೆರೆ, ಇವಿಷ್ಟಿರಲಿ. ನಕ್ಷೆಯ ಪ್ರತಿ ಲಗತ್ತಿಸಿ, ಅವಧಿಯೊಳಗೆ ಸಲ್ಲಿಸಿ, ಮೊಹರು ಹಾಕಿದ ಸ್ವೀಕೃತಿಯನ್ನು ಕೈಯಲ್ಲಿ ಹಿಡಿದೇ ಕಚೇರಿಯಿಂದ ಹೊರಡಿ.