ಆಟೋಮ್ಯಾಟಿಕ್ ಕಾರು: ಸ್ಟಾರ್ಟ್ ಮಾಡುವಾಗ, ಪಾರ್ಕ್ ಮಾಡುವಾಗ

ಆಟೋಮ್ಯಾಟಿಕ್ ಕಾರಿನಲ್ಲಿರುವುದು ಬ್ರೇಕ್, ಆಕ್ಸಿಲರೇಟರ್ ಎರಡೇ ಪೆಡಲ್. ಎರಡಕ್ಕೂ ಬಲಗಾಲೇ. ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲದ ಮೇಲಿಟ್ಟು, ಅಲ್ಲಿಂದಲೇ ಪಾದ ತಿರುಗಿಸಿ ಆಕ್ಸಿಲರೇಟರ್ ಒತ್ತುವುದನ್ನು ರೂಢಿಸಿಕೊಳ್ಳಿ. ಎಡಗಾಲಿಗೆ ಕೆಲಸವಿಲ್ಲ. ಕ್ಲಚ್ ಇರುವ ಕಾರು ಓಡಿಸಿದವರ ಎಡಗಾಲು ಹಳೇ ಅಭ್ಯಾಸದಿಂದ ಬ್ರೇಕನ್ನೇ ಪೂರ್ತಿ ತುಳಿದುಬಿಡುತ್ತದೆ. ಕಾರು ಗಕ್ಕನೆ ನಿಲ್ಲುತ್ತದೆ, ಹಿಂದೆ ಬರುತ್ತಿರುವವರಿಗೆ ಬ್ರೇಕ್ ಹಾಕಲು ಸಮಯವಿರುವುದಿಲ್ಲ.

ಗೇರ್ ಲಿವರಿನ ಮೇಲಿನ ಅಕ್ಷರಗಳು ಗೊತ್ತಿರುವುದೇ: ಪಿ ಪಾರ್ಕಿಂಗ್, ಆರ್ ರಿವರ್ಸ್, ಎನ್ ನ್ಯೂಟ್ರಲ್, ಡಿ ಡ್ರೈವ್. ಪಿ ಅಥವಾ ಎನ್‌ನಲ್ಲಿದ್ದರೆ ಮಾತ್ರ ಸ್ಟಾರ್ಟರ್ ಮೋಟರ್ ತಿರುಗುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿದೆ, ಲಿವರ್ ಪಿಯಲ್ಲಿದೆ ಎಂದು ನೋಡಿಕೊಂಡು, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು ಕೀ ತಿರುಗಿಸಿ ಅಥವಾ ಬಟನ್ ಒತ್ತಿ. ಬ್ರೇಕ್ ಒತ್ತದೆ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ದೀಪಗಳಷ್ಟೇ ಹತ್ತುತ್ತವೆ, ಎಂಜಿನ್ ಏಳುವುದಿಲ್ಲ. ಕೆಲವೊಮ್ಮೆ ಬ್ರೇಕ್ ಪೆಡಲೇ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಎಂಜಿನ್ ಆಫ್ ಇದ್ದಾಗ ಪೆಡಲನ್ನು ಮೂರ್ನಾಲ್ಕು ಸಲ ಒತ್ತಿದರೆ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ಉಳಿದಿದ್ದ ನಿರ್ವಾತ ಖಾಲಿಯಾಗುವುದೇ ಇದಕ್ಕೆ ಕಾರಣ; ಕೆಟ್ಟಿದೆ ಎಂದು ಗಾಬರಿ ಬೇಡ, ಇನ್ನಷ್ಟು ಬಲ ಹಾಕಿ ಒತ್ತಿ ಸ್ಟಾರ್ಟ್ ಮಾಡಿ.

ತಣ್ಣಗಿದ್ದ ಎಂಜಿನ್ ಮೊದಲು ಜೋರಾಗಿ ತಿರುಗುತ್ತದೆ. ಆರ್‌ಪಿಎಂ ಸ್ವಲ್ಪ ಇಳಿದ ಮೇಲೆ, ಬ್ರೇಕ್ ಹಿಡಿದೇ ಲಿವರನ್ನು ಡಿಗೆ ತನ್ನಿ. ಡ್ಯಾಶ್‌ಬೋರ್ಡಿನಲ್ಲಿ ಯಾವ ಅಕ್ಷರ ಬಂದಿದೆ ಎಂದು ಪ್ರತಿ ಸಲವೂ ಓದಿ. ಕೈಯ ಅಂದಾಜನ್ನು ನಂಬಬೇಡಿ. ಹ್ಯಾಂಡ್‌ಬ್ರೇಕ್ ಇಳಿಸಿ, ಬ್ರೇಕಿನಿಂದ ಕಾಲನ್ನು ನಿಧಾನಕ್ಕೆ ಸಡಿಲಿಸಿ. ಆಕ್ಸಿಲರೇಟರ್ ಮುಟ್ಟದಿದ್ದರೂ ಕಾರು ತೆವಳತೊಡಗುತ್ತದೆ. ಇಕ್ಕಟ್ಟಿನಲ್ಲಿ ನಿಲ್ಲಿಸುವಾಗ ಈ ತೆವಳುವಿಕೆಯೇ ಸಾಕು, ವೇಗವನ್ನು ಬ್ರೇಕಿನಲ್ಲೇ ಹತೋಟಿಯಲ್ಲಿಡಿ. ಡಿಯಿಂದ ಆರ್‌ಗೆ ಹಾಕುವ ಮೊದಲು ಚಕ್ರ ಪೂರ್ತಿ ನಿಂತಿರಲೇಬೇಕು.

ಇನ್ನು ಪಾರ್ಕಿಂಗ್. ಹೆಚ್ಚಿನವರು ತಪ್ಪುವುದು ಇಲ್ಲೇ. ಪಿ ಎಂದರೆ ಬ್ರೇಕ್ ಅಲ್ಲ. ಗೇರ್‌ಬಾಕ್ಸಿನೊಳಗೆ ಒಂದು ಸಣ್ಣ ಉಕ್ಕಿನ ಕೊಂಡಿ ಹಲ್ಲುಚಕ್ರದ ಸಂದಿಗೆ ಬಿದ್ದು ಅದನ್ನು ತಿರುಗದಂತೆ ತಡೆಯುತ್ತದೆ, ಅಷ್ಟೇ. ಇಳಿಜಾರಿನಲ್ಲಿ ನೇರವಾಗಿ ಪಿ ಹಾಕಿ ಬ್ರೇಕ್ ಬಿಟ್ಟರೆ ಕಾರಿನ ಭಾರವೆಲ್ಲ ಆ ಕೊಂಡಿಯ ಮೇಲೆ ಬೀಳುತ್ತದೆ. ಮುಂದೆ ಪಿಯಿಂದ ತೆಗೆಯುವಾಗ ಲಿವರ್ ಬಿಗಿದುಕೊಂಡು ‘ಟಕ್’ ಎಂದು ಹೊಡೆಯುವುದು ಅದೇ ಕಾರಣಕ್ಕೆ. ಆದ್ದರಿಂದ ಪೂರ್ತಿ ನಿಂತ ಮೇಲೆ ಎನ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಕಾಲುಬ್ರೇಕನ್ನು ಮೆಲ್ಲಗೆ ಸಡಿಲಿಸಿ. ಕಾರು ಒಂದಿಷ್ಟು ಕದಲಿ ಹ್ಯಾಂಡ್‌ಬ್ರೇಕಿನ ಮೇಲೆ ಕೂರುತ್ತದೆ. ಮತ್ತೆ ಬ್ರೇಕ್ ಒತ್ತಿ ಪಿಗೆ ತಂದು, ಆಮೇಲೆ ಎಂಜಿನ್ ಆಫ್ ಮಾಡಿ.

ಪಿಯೊಂದನ್ನೇ ನಂಬಬಾರದೆನ್ನಲು ಇನ್ನೊಂದು ಕಾರಣವಿದೆ. ಅದು ಹಿಡಿಯುವುದು ಎಂಜಿನ್ ಓಡಿಸುವ ಚಕ್ರಗಳನ್ನು ಮಾತ್ರ, ಅದೂ ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಮೂಲಕ. ಮುಂಚಕ್ರಗಳಿಂದ ಓಡುವ ಕಾರಿನ ಒಂದು ಮುಂಚಕ್ರವನ್ನು ಜಾಕ್ ಹಾಕಿ ಎತ್ತಿದರೆ ಅದು ಹಿಮ್ಮುಖವಾಗಿ ತಿರುಗಬಲ್ಲದು, ನೆಲದ ಮೇಲಿನದು ಉರುಳಬಲ್ಲದು. ಹೀಗಾಗಿ ಟೈರ್ ಬದಲಿಸುವಾಗ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡಗಲ್ಲು ಕೊಡಲೇಬೇಕು.

ಇಳಿಜಾರಿನಲ್ಲಿ ಕೆಳಮುಖವಾಗಿ ನಿಲ್ಲಿಸಿದರೆ ಮುಂಚಕ್ರಗಳನ್ನು ರಸ್ತೆಯ ಅಂಚಿನ ಕಡೆ ತಿರುಗಿಸಿ. ಮೇಲ್ಮುಖವಾಗಿದ್ದು ಅಂಚಿನಲ್ಲಿ ಕಟ್ಟೆಯಿದ್ದರೆ ರಸ್ತೆಯ ಕಡೆ ತಿರುಗಿಸಿ. ಹಿಂದಕ್ಕೆ ಜಾರಿದರೂ ಚಕ್ರ ಕಟ್ಟೆಗೆ ಆತು ನಿಲ್ಲುತ್ತದೆ. ಕಟ್ಟೆಯಿಲ್ಲದಿದ್ದರೆ ಮೇಲ್ಮುಖವಾಗಿದ್ದರೂ ಅಂಚಿನ ಕಡೆಗೇ.

ಎಎಂಟಿ ಕಾರುಗಳಲ್ಲಿ (ಮ್ಯಾನುಯಲ್ ಗೇರ್‌ಬಾಕ್ಸೇ ಇದ್ದು, ಕ್ಲಚ್ ಮತ್ತು ಗೇರನ್ನು ಯಂತ್ರವೇ ನಿಭಾಯಿಸುವಂಥವು) ಸಾಮಾನ್ಯವಾಗಿ ಪಿ ಇರುವುದಿಲ್ಲ. ಅಲ್ಲಿ ಎನ್‌ನಲ್ಲಿ ಸ್ಟಾರ್ಟ್ ಮಾಡಬೇಕು. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಹಾಕಿ, ಕೈಪಿಡಿ ಹೇಳಿದಂತೆ ಗೇರಿನಲ್ಲಿಟ್ಟು ಆಫ್ ಮಾಡಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ನಿಲ್ಲಿಸಿಕೊಂಡರೆ ಕ್ಲಚ್ ಜಾರಿ ಸುಡುತ್ತದೆ; ಬ್ರೇಕನ್ನೇ ಬಳಸಿ.

ಕೊನೆಯದಾಗಿ, ಎಂಜಿನ್ ಸದ್ದು ನಿಂತ ಮಾತ್ರಕ್ಕೆ ಕಾರು ಆಫ್ ಆಗಿದೆ ಎಂದುಕೊಳ್ಳಬೇಡಿ. ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ ಇರುವ ಕಾರಿನಲ್ಲಿ, ಡಿಯಲ್ಲಿದ್ದು ಬ್ರೇಕ್ ಹಿಡಿದಿದ್ದರೂ ಎಂಜಿನ್ ತಾನೇ ನಿಲ್ಲುತ್ತದೆ. ಕಾಲು ತೆಗೆದೊಡನೆ ಮತ್ತೆ ಎದ್ದು ಕಾರು ಮುಂದೆ ಸಾಗುತ್ತದೆ. ಬಾಗಿಲು ತೆರೆಯುವ ಮೊದಲು ಪಿ ಅಕ್ಷರ, ಹ್ಯಾಂಡ್‌ಬ್ರೇಕ್ ದೀಪ ಎರಡನ್ನೂ ನೋಡಿ, ಎಂಜಿನ್ ಆಫ್ ಮಾಡಿ, ಆಮೇಲೆ ಇಳಿಯಿರಿ.