ನಾನು ಗೇ ಅಂತ ಪೊಲೀಸರು ಮನೆಗೆ ಹೇಳಬಹುದಾ?

ಪ್ರಶ್ನೆ: ನನಗೆ 19 ವರ್ಷ. ರಾತ್ರಿ ಪಾರ್ಕಿನ ಹತ್ತಿರ ನನ್ನನ್ನೂ ಗೆಳೆಯನನ್ನೂ ಹಿಡಿದ ಪೊಲೀಸರು "ಅಪ್ಪನ ನಂಬರ್ ಕೊಡು, ನೀನು ಎಂಥವನು ಅಂತ ಹೇಳ್ತೀವಿ" ಅಂದರು. ಆ ಅಧಿಕಾರ ಅವರಿಗಿದೆಯಾ?

ಇಲ್ಲ. ಎಷ್ಟು ಸಲ ಬರೆದರೂ "ಮನೆಯವರಿಗೆ ತಿಳಿಸೋದು ಪೊಲೀಸರ ಡ್ಯೂಟಿ ಅಲ್ವಾ ಸಾರ್?" ಅಂತ ಒಬ್ಬರಾದರೂ ಬಂದೇ ಬರುತ್ತಾರೆ. ಈ ಡ್ಯೂಟಿ ಎಲ್ಲಿಂದ ಬಂತು ಅಂತ ನೋಡೇಬಿಡೋಣ.

ಅರೆಸ್ಟು, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 48ನೇ ಸೆಕ್ಷನ್. ಹಳೆಯ ಸಿಆರ್‌ಪಿಸಿಯಲ್ಲಿ 50ಎ. ಅರೆಸ್ಟ್ ಮಾಡಿದರೆ ತಿಳಿಸಲೇಬೇಕು, ನಿಜ. ಯಾರಿಗೆ? ಅರೆಸ್ಟ್ ಆದವನು ಹೆಸರು ಹೇಳಿದ ಗೆಳೆಯನಿಗೋ ಸಂಬಂಧಿಗೋ. ಅಪ್ಪನಿಗೇ ಅಂತ ಎಲ್ಲೂ ಇಲ್ಲ. ಅಕ್ಕನ ಹೆಸರು ಹೇಳಿ, ರೂಮ್‌ಮೇಟ್ ಹೆಸರು ಹೇಳಿ. ಏನನ್ನು? ಅರೆಸ್ಟ್ ಆಗಿದೆ, ಇಂಥ ಕಡೆ ಇಟ್ಟಿದ್ದೇವೆ. ಅಷ್ಟೇ. ಸ್ಟೇಷನ್ನಿಗೆ ಹೋದವನು ಕಾಣೆಯಾಗಬಾರದು ಅಂತ ಇರುವ ನಿಯಮ ಇದು. ಹುಡುಗನಿಗೆ ಯಾರ ಮೇಲೆ ಮನಸ್ಸು ಅಂತ ವರದಿ ಒಪ್ಪಿಸೋಕಲ್ಲ. ಅರೆಸ್ಟೇ ಮಾಡದೆ ಸುಮ್ನೆ ಗದರಿಸಿ ಕಳಿಸಿದ್ದರೆ ಈ ಸೆಕ್ಷನ್ನಿನ ಮಾತೇ ಬರುವುದಿಲ್ಲ.

"ಒಳ್ಳೇದಕ್ಕೇ ಹೇಳ್ತಾರೆ" ಅನ್ನುವವರು ಇದನ್ನು ಓದಿ. 1997, ಅಮೆರಿಕದ ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್. ನಿಲ್ಲಿಸಿದ್ದ ಕಾರಿನಲ್ಲಿ ಇಬ್ಬರು ಹುಡುಗರು. ಕುಡಿದಿದ್ದರು, ಕುಡಿಯುವ ವಯಸ್ಸಾಗಿರಲಿಲ್ಲ. ತಪಾಸಣೆಯಲ್ಲಿ ಕಾಂಡೋಮ್ ಸಿಕ್ಕಿತು. ಠಾಣೆಯಲ್ಲಿ ಬೈಬಲ್ ಉಪದೇಶವಾಯಿತು. ಗೇ ಅಂತ ನೀನು ಹೇಳದಿದ್ದರೆ ನಿಮ್ಮಜ್ಜನಿಗೆ ನಾನೇ ಹೇಳುತ್ತೇನೆ ಅಂತ ಒಬ್ಬನಿಗೆ ಅಂದ ಅಧಿಕಾರಿ. ಬಿಡುಗಡೆಯಾದ ಮೇಲೆ 18ರ ಆ ಹುಡುಗ ಜೀವ ಕಳೆದುಕೊಂಡ. ತಾಯಿ ಕೇಸು ಹಾಕಿದರು. ಅಧಿಕಾರಿ ಅಜ್ಜನಿಗೆ ಹೇಳಿರಲೇ ಇಲ್ಲ. ಆದರೂ ಹೇಳುತ್ತೇನೆಂಬ ಬೆದರಿಕೆಯೇ ಖಾಸಗಿತನದ ಉಲ್ಲಂಘನೆ ಅಂತ 2000ದಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟು ಹೇಳಿತು.

ನಮ್ಮಲ್ಲಿ 2017ರ ಪುಟ್ಟಸ್ವಾಮಿ ತೀರ್ಪಿದೆ. ಹೌದು, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಅದೇ ಪುಟ್ಟಸ್ವಾಮಿಯವರು ಹಾಕಿದ್ದ ಕೇಸು. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಲೈಂಗಿಕ ಒಲವೂ ಅದರೊಳಗೇ ಬರುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಾಳೆ ಮನೆ ಬಿಟ್ಟಿರಿ, ಅಪ್ಪ ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ಟರು ಅಂತಿಟ್ಟುಕೊಳ್ಳಿ. ಸಲಿಂಗಿ ಜೋಡಿ ವಯಸ್ಕರು, ಇಷ್ಟಪಟ್ಟೇ ಬಂದವರು ಅಂತ ಗೊತ್ತಾದರೆ ಹೇಳಿಕೆ ಪಡೆದು ಕಂಪ್ಲೇಂಟ್ ಮುಗಿಸಿ, ಕಿರುಕುಳ ಕೊಡಬೇಡಿ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಪೊಲೀಸರಿಗೆ ಹೇಳಿದೆ. ನಮ್ಮ ಕರ್ನಾಟಕದ ಪೊಲೀಸರು ಅದಕ್ಕೆ ಬದ್ಧರಲ್ಲ, ಆದರೂ ಆ ಆದೇಶದ ಒಂದು ಪ್ರತಿ ಕೈಯಲ್ಲಿರಲಿ. ವಯಸ್ಸಿನ ದಾಖಲೆ ಇರಲಿ. ಸಾಧ್ಯವಾದರೆ ವಕೀಲರೊಬ್ಬರನ್ನು ಕರೆದುಕೊಂಡು ಹೋಗಿ. ಹೇಳಿಕೆಯಲ್ಲಿ "ನನ್ನಿಷ್ಟದಿಂದ ಬಂದಿದ್ದೇನೆ" ಅಂತ ಬರೆಯಿರಿ. ಯಾರಿಗಾಗಿ ಅಂತ ಬರೆಯಬೇಕಿಲ್ಲ.