ಜರಡಿ ಹಿಡಿದು ಆರಿಸಿದ ಕಾಳು

ಅಮೆರಿಕದಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: 'ನೈಜೀರಿಯಾದವರು ಡಾಕ್ಟರು, ಎಂಜಿನಿಯರು ಆಗ್ತಾರೆ. ಅವರೂ ಕಪ್ಪಗೇ ಇದ್ದಾರಲ್ಲ? ಇಲ್ಲೇ ಹುಟ್ಟಿದ ಕಪ್ಪು ಜನರಿಗೆ ಮಾತ್ರ ಏನು ಕಷ್ಟ?' ಅಲ್ಲೇ ಹುಟ್ಟಿದ ಕಪ್ಪು ಜನರ ಎದುರುತ್ತರವೂ ಸಿದ್ಧ: 'ಆಫ್ರಿಕಾದಿಂದ ಬಂದವರೆಲ್ಲ ಅನುಕೂಲಸ್ಥರ ಮಕ್ಕಳು, ನಮ್ಮ ಹೋರಾಟದ ಫಲ ಉಂಡವರು.' ಎರಡೂ ಅರ್ಧಂಬರ್ಧ ಮಾತು. ಯಾರನ್ನು ಒಳಗೆ ಬಿಟ್ಟರು ಎನ್ನುವುದನ್ನು ನೋಡದೆ ಆಡಿದ್ದು.

1924ರ ಕಾನೂನು ವಲಸೆಯ ಪಾಲನ್ನು ಹೆಚ್ಚುಕಡಿಮೆ ಯುರೋಪಿಗೇ ಬರೆದುಕೊಟ್ಟಿತ್ತು. ಅದು ಹೋದದ್ದು 1965ರಲ್ಲಿ. ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಹೊಸ ಕಾನೂನಿಗೆ ಸಹಿ ಹಾಕಿದರು. ಸಮಾನ ಹಕ್ಕಿಗಾಗಿ ಕಪ್ಪು ಅಮೆರಿಕನ್ನರು ನಡೆಸಿದ ಚಳವಳಿ ಕಾವೇರಿದ್ದ ಕಾಲ ಅದು. ಆ ಕಾವಿಲ್ಲದೆ ಬಾಗಿಲು ತೆರೆಯುತ್ತಿತ್ತೇ, ನನಗಂತೂ ಅನುಮಾನ. ಆದರೆ ಬಾಗಿಲಲ್ಲಿ ಜರಡಿ ಇತ್ತು: ಹತ್ತಿರದ ನೆಂಟರಿರಬೇಕು, ಇಲ್ಲವೇ ಬೇಕಾದ ಓದು, ಕಸುಬು ಇರಬೇಕು.

1990ರ ಕಾನೂನು ಲಾಟರಿ ವೀಸಾ ತಂದಿತು, ಅಂದರೆ ಕಡಿಮೆ ಜನ ವಲಸೆ ಬರುವ ದೇಶಗಳವರಿಗೆ ಚೀಟಿ ಎತ್ತಿ ಕೊಡುವ ವೀಸಾ. ಐರಿಷರಿಗಾಗಿ ನಡೆದ ಒತ್ತಾಯದಿಂದ ಹುಟ್ಟಿದ ಯೋಜನೆ ಆಫ್ರಿಕನ್ನರಿಗೆ ಒದಗಿಬಂತು. ಹೆಸರಿಗೆ ಲಾಟರಿ ಅಷ್ಟೆ. ಹೈಸ್ಕೂಲ್ ಮುಗಿಸಿರಬೇಕು, ಇಲ್ಲವೇ ತರಬೇತಿ ಬೇಡುವ ಕೆಲಸದಲ್ಲಿ ಎರಡು ವರ್ಷ ದುಡಿದಿರಬೇಕು. ಆಮೇಲೆ ವಿಮಾನದ ಟಿಕೆಟ್ ದುಡ್ಡು ಬೇರೆ! 1980ರಲ್ಲಿ ಸುಮಾರು 2 ಲಕ್ಷವಿದ್ದ ಆಫ್ರಿಕಾ ಮೂಲದ ವಲಸಿಗರು ಈಗ 20 ಲಕ್ಷಕ್ಕೂ ಜಾಸ್ತಿ.

ಅಲ್ಲಿರುವ ನೈಜೀರಿಯನ್ ವಲಸಿಗರಲ್ಲಿ ನೂರಕ್ಕೆ 60ರಷ್ಟು ಜನ ಪದವೀಧರರು. ನೈಜೀರಿಯಾದಲ್ಲೇ ಹಾಗಿದೆಯೇ? ಇಲ್ಲ. ನಮ್ಮವರಿಗೂ ಇದು ಗೊತ್ತಿರುವ ಕಥೆಯೇ, ಅಲ್ವಾ? ಮೈಸೂರಲ್ಲಿ ಎಂಜಿನಿಯರಿಂಗ್ ಓದಿ ನ್ಯೂಜೆರ್ಸಿ ಸೇರಿದವರನ್ನು ನೋಡಿ 'ಇಂಡಿಯನ್ಸ್ ಎಲ್ಲ ಬುದ್ಧಿವಂತರು' ಎಂದರೆ ಸುಮ್ನೆ ನಕ್ಕು ಒಪ್ಪಿಕೊಳ್ಳುತ್ತೇವೆ. ಇನ್ನು ಕೀನ್ಯಾದ ನಿರಾಶ್ರಿತರ ಶಿಬಿರದಿಂದ ಮಿನಿಯಾಪೊಲಿಸ್‌ಗೆ ಬಂದ ಸೋಮಾಲಿಗಳನ್ನು ಇದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಎದುರುತ್ತರದವರಿಗೂ ಕಾರಣವಿದೆ. 2004ರಲ್ಲಿ ಹಾರ್ವರ್ಡ್ ಪ್ರಾಧ್ಯಾಪಕರಾದ ಹೆನ್ರಿ ಲೂಯಿ ಗೇಟ್ಸ್ ಮತ್ತು ಲಾನಿ ಗಿನಿಯರ್ ತಮ್ಮಲ್ಲಿನ ಕಪ್ಪು ವಿದ್ಯಾರ್ಥಿಗಳಲ್ಲಿ ಬಹುಪಾಲು ಕೆರಿಬಿಯನ್, ಆಫ್ರಿಕನ್ ವಲಸಿಗರು ಅಥವಾ ಅವರ ಮಕ್ಕಳು, ಸ್ವಲ್ಪಮಟ್ಟಿಗೆ ಮಿಶ್ರ ಜನಾಂಗದ ದಂಪತಿಗಳ ಮಕ್ಕಳು ಎಂದು ಎತ್ತಿ ತೋರಿಸಿದರು. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಎಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಆ ಅನುಕೂಲ ಬೀದಿಯಲ್ಲಿ ಕಾಣಿಸುವುದಿಲ್ಲ. ಗಿನಿ ದೇಶದ ವ್ಯಾಪಾರಸ್ಥ ಕುಟುಂಬದ ಅಮಾಡು ಡಿಯಾಲೋಗೆ 23 ವರ್ಷ. ನ್ಯೂಯಾರ್ಕ್‌ನಲ್ಲಿ ಫುಟ್‌ಪಾತ್ ಮೇಲೆ ಕಾಲುಚೀಲ, ಕೈಗವಸು ಮಾರುತ್ತಿದ್ದ. 1999ರ ಫೆಬ್ರವರಿ 4ರ ನಡುರಾತ್ರಿ ಕಳೆದಿತ್ತು. ಬ್ರಾಂಕ್ಸ್‌ನ ತನ್ನ ಮನೆ ಬಾಗಿಲಲ್ಲಿ ನಿಂತಿದ್ದಾಗ ಮಫ್ತಿಯಲ್ಲಿದ್ದ ನಾಲ್ವರು ಪೊಲೀಸರು ಬಂದರು. ಅವನು ಪರ್ಸ್ ತೆಗೆದ. ಅವರಿಗೆ ಅದು ಪಿಸ್ತೂಲಿನಂತೆ ಕಂಡಿತಂತೆ. 41 ಗುಂಡು ಹಾರಿಸಿದರು, 19 ತಗುಲಿ ಅವನು ಸತ್ತ. ಅವನು ಗಿನಿಯವನೋ, ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನವನೋ ಎಂದು ಅವರು ಕೇಳಿರಲಿಲ್ಲ. ಮರುವರ್ಷ ನಾಲ್ವರೂ ಖುಲಾಸೆಯಾದರು.